ಮನೆ ಹಿಂದಿನ ಗಲ್ಲಿ

ಮಲ್ಲೇಶ್ವರ ಎಂಟನೇ ಕ್ರಾಸ್‌ನಲ್ಲಿ ಹೂವು ತಗೊಂಡು, ರಶ್ ತಪ್ಪಿಸೋಣ ಅಂತ ಕನ್ಸರ್ವೆನ್ಸಿ ಗಲ್ಲಿಗೆ ನುಗ್ಗಿದೆ. ಎರಡೂ ಕಡೆ ಮನೆಗಳ ಬೆನ್ನು, ಪಾಚಿ ಹಿಡಿದ ಕಾಂಪೌಂಡು, ಅದರಾಚೆಯಿಂದ ಬಗ್ಗಿದ ಕರಿಬೇವು (ಒಂದೆಸಳು ಕಿತ್ತೆ, ಯಾರಿಗೂ ಹೇಳ್ಬೇಡಿ). ಗಾಳಿ-ಬೆಳಕು ಇರಲಿ ಅಂತ ಯೋಜಿಸಿ, 1898ರ ಪ್ಲೇಗ್ ಆದ್ಮೇಲೆ ಬೆಳೆದ ಬಡಾವಣೆ ಮಲ್ಲೇಶ್ವರ, ಬಸವನಗುಡಿ ಜೊತೆಜೊತೆಗೇ. ಆದರೆ ಈ ಗಲ್ಲಿ ಬಿಟ್ಟಿದ್ದು ಗಾಳಿಗಲ್ಲ. ಕಕ್ಕಸು ಬಳಿಯೋರು ಮುಂಬಾಗಿಲ ಕಡೆ ಸುಳೀದೆ ಹಿಂದಿನಿಂದಲೇ ಬಂದು ಹೋಗಲಿ ಅಂತ. ಹಳೇ ಮಲ್ಲೇಶ್ವರ ಅಂದ ತಕ್ಷಣ ದೋಸೆ, ಸಂಗೀತ ಕಛೇರಿ, ಕಾಡು ಮಲ್ಲೇಶ್ವರನ ಗುಡಿ ಅಂತ ಶುರು ಮಾಡ್ತೀವಲ್ಲ, ಇಲ್ಲಿ ಮಲ ಹೊತ್ತು ಓಡಾಡಿದವರ ಸುದ್ದಿ ಯಾರೂ ಎತ್ತಲ್ಲ. ನಿಮ್ಮನೆ ಹಿಂದೆ ಇಂಥ ಗಲ್ಲಿ ಇತ್ತಾ? ಅಜ್ಜಿ-ತಾತ ಏನಾದ್ರೂ ಹೇಳ್ತಿದ್ರಾ?