ಖಾಲಿ ತೂಕ

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ, "ಇನ್ನೂ ಓದ್ತಾನೇ ಇದೀಯೇನಮ್ಮಾ? ಏನದು ಅಷ್ಟೊಂದು ಓದೋದು?" ಮೊದಮೊದಲು "ಬಯೋಕೆಮಿಸ್ಟ್ರಿಯಲ್ಲಿ ಪಿಎಚ್‌.ಡಿ." ಅನ್ನುತ್ತಿದ್ದೆ. ಮಾತು ಅಲ್ಲಿಗೇ ನಿಂತುಹೋಗುತ್ತಿತ್ತು. ಈಗ, "ಎಣ್ಣೆ ಜಿಡ್ಡು ಅರಗಿಸೋ ಕಿಣ್ವ ಅಂತ ಇರುತ್ತೆ, ಅದು ಎಷ್ಟು ಚುರುಕಾಗಿದೆ ಅಂತ ಅಳೀತೀನಿ" ಅನ್ನುತ್ತೇನೆ. ಚಳ್ಳಕೆರೆ ಸೀಮೆಯವರಿಗೆ ಎಣ್ಣೆಯ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದ ಮನೆಯ ಅಜ್ಜಿ ಒಮ್ಮೆ, "ಅಳೆಯೋ ಕೆಲಸಾನಾ? ಹಂಗಾದ್ರೆ ನಿಮ್ಮಪ್ಪನ ಕೆಲಸಾನೇ ಹಿಡಿದೆ ಬಿಡು" ಅಂದಿತ್ತು.

ಅಪ್ಪ ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ತೂಕದ ಗುಮಾಸ್ತ. ಶೇಂಗಾ ತುಂಬಿದ ಲಾರಿ ಬಂದು ತೂಕದ ಸೇತುವೆಯ ಮೇಲೆ ನಿಂತರೆ ಅಪ್ಪ ಅಂಕಿ ಬರೆದುಕೊಳ್ಳುತ್ತಾರೆ. ಚೀಲ ಇಳಿಸಿದ ಮೇಲೆ ಖಾಲಿ ಲಾರಿ ಮತ್ತೆ ಅಲ್ಲಿಗೇ ಬರಬೇಕು. ಮೊದಲಿನದರಲ್ಲಿ ಎರಡನೆಯದನ್ನು ಕಳೆದರೆ ಉಳಿದದ್ದು ಮಾಲು. ದಿನವೂ ಬರುವ ಡ್ರೈವರುಗಳು, "ನಿನ್ನೆ ತೂಗಿದ್ರಲ್ಲ ಸಾರ್, ಅದನ್ನೇ ಹಾಕ್ಕೊಳ್ಳಿ" ಎಂದು ಗೋಗರೆಯುತ್ತಾರೆ. ಅಪ್ಪ ಒಪ್ಪುವುದಿಲ್ಲ. ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದೆಯೋ, ಟಾರ್ಪಾಲು ನೆನೆದಿದೆಯೋ, ಚಕ್ರಕ್ಕೆ ಎಷ್ಟು ಕೆಸರು ಮೆತ್ತಿದೆಯೋ, ನಿನ್ನೆಯ ಖಾಲಿ ಇವತ್ತಿನ ಖಾಲಿಯಲ್ಲ ಎಂಬುದು ಅವರ ವಾದ. ಈ ಹಟಕ್ಕೆ ಅವರು ಬೈಸಿಕೊಳ್ಳುವುದನ್ನು ಸ್ಕೂಲಿನಿಂದ ಬರುವ ದಾರಿಯಲ್ಲಿ ಎಷ್ಟೋ ಸಲ ಕೇಳಿದ್ದೇನೆ.

ನಾನು ಓದುತ್ತಿರುವ ಬ್ಯಾಕ್ಟೀರಿಯಾ ಕೂಡ ಅಪ್ಪನ ಮಿಲ್ಲಿನದೇ. ಹಿತ್ತಲಿನ ಗೋಡೆಯ ಪಕ್ಕ ವರ್ಷಗಟ್ಟಲೆ ಎಣ್ಣೆ ಚೆಲ್ಲಿ ಕಪ್ಪಾದ ಮಣ್ಣನ್ನು ಒಂದು ಡಬ್ಬಿಯಲ್ಲಿ ತುಂಬಿಕೊಂಡು ಲ್ಯಾಬಿಗೆ ತಂದಿದ್ದೆ. ಎಣ್ಣೆ ಬಿದ್ದಲ್ಲಿ ಎಣ್ಣೆ ತಿನ್ನುವವರೂ ಇರುತ್ತಾರೆ. ಮಣ್ಣನ್ನು ನೀರಿನಲ್ಲಿ ಕದಡಿ, ಟ್ರೈಬ್ಯುಟಿರಿನ್ ಎಂಬ ಕೊಬ್ಬು ಬೆರೆಸಿದ ಅಗಾರ್ ತಟ್ಟೆಯ ಮೇಲೆ ಹರಡಿದೆ. ತಟ್ಟೆ ಹಾಲಿನ ಹಾಗೆ ಮಸುಕಾಗಿರುತ್ತದೆ. ಕೊಬ್ಬನ್ನು ಒಡೆಯಬಲ್ಲ ಬ್ಯಾಕ್ಟೀರಿಯಾ ಬೆಳೆದ ಕಡೆ ಸುತ್ತ ಒಂದು ತಿಳಿಯಾದ ಬಳೆ ಮೂಡುತ್ತದೆ. ಎರಡನೇ ದಿನ ಅಂಥ ಹನ್ನೊಂದು ಬಳೆಗಳಿದ್ದವು, ಜೊತೆಗೆ ಕಮಟು ಬೆಣ್ಣೆಯ ವಾಸನೆ. ಒಡೆದ ಕೊಬ್ಬಿನಿಂದ ಬರುವ ಬ್ಯುಟಿರಿಕ್ ಆಮ್ಲ ಅದು. ಆ ವಾರವೆಲ್ಲ ಹಾಸ್ಟೆಲಿನ ಗೆಳತಿ ನನ್ನ ಬಟ್ಟೆಗಳನ್ನು ಕೋಣೆಯ ಹೊರಗೇ ಒಣಹಾಕಿಸಿದಳು.

ಬಳೆ ನೋಡಿ ಕಿಣ್ವ ಇದೆ ಎಂದು ಹೇಳಬಹುದು, ಎಷ್ಟಿದೆ ಎಂದು ಹೇಳಲಾಗದು. ಅದಕ್ಕೆ ಹಳೆಯ ಒಂದು ದಾರಿಯಿದೆ. ಆಲಿವ್ ಎಣ್ಣೆಯನ್ನು ಗೋಂದಿನ ನೀರಿನ ಜೊತೆ ಮಿಕ್ಸಿಯಲ್ಲಿ ತಿರುವಿದರೆ ಮಜ್ಜಿಗೆಯಂಥ ದ್ರವವಾಗುತ್ತದೆ. ("ಶೇಂಗಾ ಎಣ್ಣೆ ಆಗಲ್ವಾ?" ಅಂತ ಅಪ್ಪ ಕೇಳಿದ್ದರು. ಆಗುತ್ತದೆ. ಆದರೆ ಬೇರೆಯವರೆಲ್ಲ ಆಲಿವ್ ಎಣ್ಣೆಯಲ್ಲಿ ಅಳೆದಿದ್ದಾರೆ, ಹೋಲಿಸಿ ನೋಡಬೇಕಲ್ಲ.) ಅದಕ್ಕೆ ಕಿಣ್ವ ಬೆರೆಸಿ 37 ಡಿಗ್ರಿಯಲ್ಲಿ ಅರ್ಧ ಗಂಟೆ ಕುಲುಕುತ್ತಿರಬೇಕು. ಕಿಣ್ವ ಎಣ್ಣೆಯನ್ನು ಕತ್ತರಿಸಿದಷ್ಟೂ ಆಮ್ಲ ಬಿಡುಗಡೆಯಾಗುತ್ತದೆ. ಆಮೇಲೆ ಅಸಿಟೋನ್ ಮತ್ತು ಆಲ್ಕೋಹಾಲ್ ಸುರಿದು ಕಿಣ್ವದ ಆಟ ನಿಲ್ಲಿಸಿ, ಬ್ಯೂರೆಟ್ಟಿನಿಂದ ಕ್ಷಾರವನ್ನು ಹನಿಹನಿಯಾಗಿ ಬಿಡುತ್ತಾ ಹೋಗಬೇಕು. ಫೀನಾಫ್ಥಲೀನ್ ತೆಳು ಗುಲಾಬಿಗೆ ತಿರುಗಿ ಹಾಗೇ ನಿಂತ ಕ್ಷಣ ನಲ್ಲಿ ನಿಲ್ಲಿಸಬೇಕು.

ಇನ್ನೊಂದು ಫ್ಲಾಸ್ಕಿನಲ್ಲಿ ಕುದಿಸಿ ಸಾಯಿಸಿದ ಕಿಣ್ವ ಹಾಕಿ ಇದನ್ನೆಲ್ಲ ಮಾಡಬೇಕು. ಅದು ಬ್ಲ್ಯಾಂಕು. ಎಣ್ಣೆಯಲ್ಲಿ ಮೊದಲೇ ಸ್ವಲ್ಪ ಆಮ್ಲ ಇದ್ದೇ ಇರುತ್ತದೆ, ಅದು ಕಿಣ್ವದ ದುಡಿಮೆಯಲ್ಲ. ಕಿಣ್ವದ ಫ್ಲಾಸ್ಕಿಗೆ 1.4 ಮಿಲಿಲೀಟರ್ ಕ್ಷಾರ ಹಿಡಿದು, ಬ್ಲ್ಯಾಂಕಿಗೆ 0.8 ಹಿಡಿಯಿತು ಎಂದುಕೊಳ್ಳಿ. ವ್ಯತ್ಯಾಸ 0.6. ಕ್ಷಾರ 0.05 ಮೋಲಾರ್ ಆಗಿದ್ದರೆ ಅದು 30 ಮೈಕ್ರೋಮೋಲ್ ಆಮ್ಲಕ್ಕೆ ಸಮ. ಅರ್ಧ ಗಂಟೆಗೆ 30, ನಿಮಿಷಕ್ಕೆ 1. ನಿಮಿಷಕ್ಕೆ ಒಂದು ಮೈಕ್ರೋಮೋಲ್ ಆಮ್ಲ ಬಿಡಿಸುವಷ್ಟು ಕಿಣ್ವವೇ ಒಂದು ಯೂನಿಟ್.

ಆ ಮಜ್ಜಿಗೆ ಕೆಟ್ಟರೆ ಲೆಕ್ಕವೂ ಕೆಡುತ್ತದೆ. ಲೈಪೇಸ್ ನೀರಿನಲ್ಲಿ ಕರಗುತ್ತದೆ, ಅದರ ಆಹಾರ ಕರಗುವುದಿಲ್ಲ. ಆದ್ದರಿಂದ ಎಣ್ಣೆಯ ಹನಿಯೂ ನೀರೂ ಸೇರುವ ಅಂಚಿನಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ಅಂಥ ಅಂಚು ಸಿಕ್ಕಾಗ ಮೇದೋಜೀರಕದ ಲೈಪೇಸು ಒಮ್ಮೆಲೇ ಚುರುಕಾಗುವುದನ್ನು ಫ್ರಾನ್ಸಿನ ಮಾರ್ಸೇಯಲ್ಲಿ ಸಾರ್ಡಾ ಮತ್ತು ಡೆನುಯೆಲ್ 1958ರಲ್ಲೇ ತೋರಿಸಿದ್ದರು. ಹನಿ ಸಣ್ಣದಾದಷ್ಟೂ ಅಂಚು ಹೆಚ್ಚು, ಅಂಕಿಯೂ ಹೆಚ್ಚು. ಮಿಕ್ಸಿ ಒಂದು ನಿಮಿಷ ಕಡಿಮೆ ತಿರುಗಿದರೂ ಕಿಣ್ವ ಸೋಮಾರಿಯಾದಂತೆ ಕಾಣುತ್ತದೆ.

ಇಷ್ಟೆಲ್ಲ ತಾಪತ್ರಯ ಬೇಡವೆಂದು ನಾನೂ ಎಲ್ಲರಂತೆ ಹಳದಿಯ ವಿಧಾನಕ್ಕೆ ಹೊರಳಿದೆ. ಪ್ಯಾರಾ ನೈಟ್ರೋಫೀನೈಲ್ ಪಾಮಿಟೇಟ್ ಎಂಬ ಬಿಳಿ ಪುಡಿಯನ್ನು ಲೈಪೇಸ್ ಕತ್ತರಿಸಿದರೆ ಹಳದಿ ಬಣ್ಣ ಬಿಡುಗಡೆಯಾಗುತ್ತದೆ. 410 ನ್ಯಾನೋಮೀಟರಿನ ಬೆಳಕಿನಲ್ಲಿ ಅದನ್ನು ಯಂತ್ರವೇ ಓದುತ್ತದೆ. ಒಂದು ಮಧ್ಯಾಹ್ನದಲ್ಲಿ ನಲವತ್ತು ನಳಿಕೆ ಮುಗಿಯುತ್ತವೆ. ಎರಡು ತಿಂಗಳಲ್ಲಿ ಚೆಂದದ ಒಂದು ಗ್ರಾಫ್ ಬಂತು. ಪಿಎಚ್ 7ರಿಂದ 10ರವರೆಗೆ ನನ್ನ ಕಿಣ್ವ ಏರುತ್ತಲೇ ಹೋಗಿತ್ತು. ಅಷ್ಟು ಕ್ಷಾರದಲ್ಲಿ ದುಡಿಯುವ ಲೈಪೇಸ್ ಬಟ್ಟೆ ಸೋಪಿನ ಪುಡಿಗೆ ಬೇಕಾದದ್ದು. ಗೈಡ್ ಖುಷಿಯಾದರು. ಒಂದು ಸಮ್ಮೇಳನಕ್ಕೆ ಸಾರಾಂಶವನ್ನೂ ಕಳಿಸಿದೆವು.

ಆ ಹೊತ್ತಿಗೇ ಒಂದು ರಾತ್ರಿ ಅಪ್ಪನಿಗೆ ಹೊಟ್ಟೆನೋವು ಬಂತು. ಮೇಲ್ಹೊಟ್ಟೆಯಿಂದ ಬೆನ್ನಿಗೆ ಇರಿಯುವ ನೋವು, ನಿಲ್ಲದ ವಾಂತಿ. ಬೆಳಗಾಗುವಷ್ಟರಲ್ಲಿ ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದರು. ತಮ್ಮ ರಿಪೋರ್ಟಿನ ಫೋಟೋ ವಾಟ್ಸ್ಆ್ಯಪಿನಲ್ಲಿ ಕಳಿಸಿ ಕೆಳಗೆ ಬರೆದಿದ್ದ: "ಅಕ್ಕಾ, ನೀನು ಓದೋದು ಇದೇ ಅಲ್ವಾ? ಇದರ ಅರ್ಥ ಏನು?" ಸೀರಮ್ ಲೈಪೇಸ್, ಲೀಟರಿಗೆ 1148 ಯೂನಿಟ್. ಮುಂದಿನ ಅಂಕಣದಲ್ಲಿ ಸಾಮಾನ್ಯ ಮಿತಿ, 60.

ನಾಲ್ಕು ವರ್ಷದಿಂದ ದಿನವೂ ಬರೆದ ಪದ. ಅದೇ ಯೂನಿಟ್ಟು, ನಿಮಿಷಕ್ಕೆ ಅದೇ ಒಂದು ಮೈಕ್ರೋಮೋಲ್. ಬಸ್ಸಿನಲ್ಲಿ ಕೂತು ಆ ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಮಿತಿಯ ಮೂರು ಪಟ್ಟಿಗಿಂತ ಹೆಚ್ಚಿದ್ದು, ಇಂಥ ನೋವೂ ಇದ್ದರೆ ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದರ್ಥ. ಕರುಳಿಗೆ ಇಳಿಯಬೇಕಾದ ಕಿಣ್ವ ರಕ್ತಕ್ಕೆ ಸೋರುತ್ತಿದೆ. ಅಷ್ಟು ಗೊತ್ತಿತ್ತು. ಅಪ್ಪ ಉಳಿಯುತ್ತಾರಾ ಎಂಬುದಕ್ಕೆ ಆ ಅಂಕಿಯಲ್ಲಿ ಉತ್ತರವಿಲ್ಲ ಎಂಬುದೂ ಗೊತ್ತಿತ್ತು. ಲೈಪೇಸ್ ಸಾವಿರ ಇದ್ದವರು ವಾರದಲ್ಲಿ ಮನೆಗೆ ಹೋಗಬಹುದು, ಮುನ್ನೂರು ಇದ್ದವರು ಐಸಿಯು ಸೇರಬಹುದು. ಕಾಯಿಲೆ ಏನೆಂದು ಅದು ಹೇಳುತ್ತದೆ, ಎಷ್ಟು ತೀವ್ರ ಎಂದು ಹೇಳುವುದಿಲ್ಲ. ತಮ್ಮನಿಗೆ "ಬರ್ತಾ ಇದೀನಿ" ಎಂದಷ್ಟೇ ಬರೆದೆ.

ಪಿತ್ತಕೋಶದ ಒಂದು ಕಲ್ಲು ಜಾರಿ ನಾಳಕ್ಕೆ ಅಡ್ಡ ಕೂತಿತ್ತು ಎಂದು ಡಾಕ್ಟರು ಸ್ಕ್ಯಾನ್ ತೋರಿಸಿ ಹೇಳಿದರು. ಬಾಯಿಗೆ ಏನೂ ಇಲ್ಲ, ಡ್ರಿಪ್ಪು ಮಾತ್ರ. ಮೂರನೇ ದಿನ ನೋವು ತಗ್ಗಿತು. ಲೈಪೇಸ್ 412ಕ್ಕೆ ಇಳಿದಿದೆ ಎಂದು ತಮ್ಮ ವಾರ್ಡಿನಲ್ಲೆಲ್ಲ ಹೇಳಿಕೊಂಡು ಬಂದ. ಡಾಕ್ಟರು ಆ ಅಂಕಿಯ ಕಡೆ ಒಮ್ಮೆ ನೋಡಿ, ಅಪ್ಪನ ಉಸಿರು, ಮೂತ್ರದ ಪ್ರಮಾಣ, ಕಿಡ್ನಿಯ ರಿಪೋರ್ಟನ್ನು ಬಹಳ ಹೊತ್ತು ನೋಡಿದರು.

ಅಂದು ಸಂಜೆ ಅಪ್ಪ ಕನ್ನಡಕ ಕೇಳಿ ಹಾಕಿಕೊಂಡು, ರಿಪೋರ್ಟನ್ನು ಲಾರಿಯ ಚೀಟಿಯ ಹಾಗೆ ದೂರ ಹಿಡಿದು ಓದಿದರು.

"ಇದೇನಾ ನೀನು ಅಳೆಯೋದು?"

"ಹೂಂ. ಇದರದ್ದೇ ಜಾತಿ."

"1148ರಲ್ಲಿ ಖಾಲಿ ತೂಕ ಎಷ್ಟು?"

"ಅರವತ್ತರವರೆಗೆ ಎಲ್ಲರಿಗೂ ಇರುತ್ತಪ್ಪಾ."

"ಅದಲ್ಲ. ಇದನ್ನ ಅಳೆಯೋವಾಗ, ಏನೂ ಇಲ್ದಿರೋದನ್ನೂ ಅಳೀತಾರೋ ಇಲ್ವೋ?"

"ಅಳೀತಾರೆ."

"ಪ್ರತೀ ಸಲಾನೂ?"

ನಾನು ಹೂಂ ಅಂದೆ. ಅಂದ ಮೇಲೆ ಆ ರಾತ್ರಿ ವರಾಂಡದ ಬೆಂಚಿನಲ್ಲಿ ನಿದ್ದೆ ಬರಲಿಲ್ಲ. ನಾನು ಪಿಎಚ್ 8ರಲ್ಲಿ ಒಂದೇ ಒಂದು ಬ್ಲ್ಯಾಂಕ್ ಮಾಡಿ, ಅದನ್ನೇ ಎಲ್ಲ ಪಿಎಚ್‌ಗಳಿಗೂ ಕಳೆದಿದ್ದೆ. ಆ ಬಿಳಿ ಪುಡಿ ಕ್ಷಾರದಲ್ಲಿ ಕಿಣ್ವದ ಹಂಗಿಲ್ಲದೆ ತಾನೇ ಒಡೆಯುತ್ತದೆ, ಪಿಎಚ್ ಏರಿದಷ್ಟೂ ಬೇಗ ಒಡೆಯುತ್ತದೆ. ಅಷ್ಟೇ ಅಲ್ಲ, ಬಿಡುಗಡೆಯಾದ ಬಣ್ಣವೂ 7ರಲ್ಲಿ ಪೇಲವ, 9ರಲ್ಲಿ ಗಾಢ. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ, ಪರೀಕ್ಷೆಯಲ್ಲಿ ಬರೆದಿದ್ದೆ. ಗ್ರಾಫ್ ಚೆನ್ನಾಗಿ ಏರುತ್ತಿದ್ದುದರಿಂದ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಲ್ಯಾಬಿಗೆ ಮರಳಿ ಮೊದಲು ಮಾಡಿದ್ದು ಅದನ್ನೇ. ಪ್ರತಿ ಪಿಎಚ್‌ಗೂ ಬೇರೆ ಬ್ಲ್ಯಾಂಕು, ಬೇರೆ ಸ್ಟ್ಯಾಂಡರ್ಡು. ಪಿಎಚ್ 10ರ ನಳಿಕೆಯಲ್ಲಿ ಜೀವಂತ ಕಿಣ್ವ ಒಂದು ಹನಿಯೂ ಇರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಅದು ನಿಂಬೆಹಣ್ಣಿನ ಸಿಪ್ಪೆಯಷ್ಟು ಹಳದಿಯಾಯಿತು. ಎಲ್ಲ ಕಳೆದು ನೋಡಿದರೆ ನನ್ನ ಕಿಣ್ವ 8ರಲ್ಲಿ ಮೇಲಿತ್ತು, 9ರಲ್ಲಿ ಇಳಿದಿತ್ತು, 10ರಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ. ಅನುಮಾನಕ್ಕೆ ಆಲಿವ್ ಎಣ್ಣೆಯಲ್ಲೂ ಮಾಡಿದೆ. ಅದೂ ಅದನ್ನೇ ಹೇಳಿತು.

ಗೈಡ್ ಎರಡೂ ಗ್ರಾಫನ್ನು ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಬೈಗುಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. "ಸಾರಾಂಶ ವಾಪಸ್ ತಗೊಳ್ಳೋಣ. ಎಲ್ಲ ಮತ್ತೆ ಮಾಡೋಕೆ ಎಷ್ಟು ದಿನ ಬೇಕು?" ಅಂದರು. ಎರಡು ತಿಂಗಳು ಅಂದೆ. ನಾಲ್ಕು ಹಿಡಿಯಿತು. ಫೆಲೋಶಿಪ್ಪಿನ ಕಾಲ ಅಷ್ಟು ಕರಗಿತು. ಪ್ರಬಂಧದಲ್ಲಿ ಸೋಪಿನ ಪುಡಿಯ ಅಧ್ಯಾಯ ಇರುವುದಿಲ್ಲ.

ಅಪ್ಪನಿಗೆ ಆಮೇಲೆ ಪಿತ್ತಕೋಶ ತೆಗೆದರು. ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಎಣ್ಣೆ ಮಿಲ್ಲಿನಲ್ಲಿ ಕೂತು ಒಗ್ಗರಣೆಯಿಲ್ಲದ ಸಾರು ಉಣ್ಣುವುದು ಅವರಿಗೊಂದು ತಮಾಷೆ. ಗ್ರಾಫ್ ಇಳಿದ ಕತೆಯನ್ನು ಫೋನಿನಲ್ಲಿ ಹೇಳಿದೆ. "ಕಮ್ಮಿ ಬಂದ್ರೆ ಕಮ್ಮೀನೇ ಬರ್ಕೋ" ಅಂದು, ಲಾರಿ ಬಂತೆಂದು ಫೋನಿಟ್ಟರು.

ನನ್ನ ಬ್ಲ್ಯಾಂಕ್ ನಳಿಕೆಗಳ ಮೇಲೆ ಈಗ ಮಾರ್ಕರಿನಿಂದ "ಖಾ" ಎಂದು ಬರೆಯುತ್ತೇನೆ. ಹೊಸದಾಗಿ ಸೇರಿದ ಹುಡುಗಿ ಅದೇನೆಂದು ಕೇಳಿದಳು. ಖಾಲಿ ಲಾರಿ ಎಂದೆ. ಅರ್ಥವಾಗದೆ ನಕ್ಕಳು. ಆದರೂ ಅವಳ ನಳಿಕೆಗಳ ಮೇಲೂ ಈಚೆಗೆ ಅದೇ ಅಕ್ಷರ ಕಾಣುತ್ತಿದೆ.