ಅಪ್ಪಣೆಯ ಪಟ್ಟಿ

ಕನ್ನಡದ ಮೇಷ್ಟರಿಗೆ ಕಂಪ್ಯೂಟರಿನ ಒಳಮನೆಯಲ್ಲೇನು ಕೆಲಸವೆಂದು ಓದುಗರು ಕೇಳಬಹುದು. ಹಳಗನ್ನಡ ಕಾವ್ಯಗಳಿಗೊಂದು ಪದಸೂಚಿ ಸಿದ್ಧಪಡಿಸುವ ಹುಚ್ಚು ನನ್ನದು. ಹಳೆಯ ಶಿಷ್ಯನೊಬ್ಬ ಅದಕ್ಕೆ ಪ್ರೋಗ್ರಾಮು ಬರೆದುಕೊಟ್ಟಿದ್ದ. ನಮ್ಮ ಯಂತ್ರಕ್ಕೆ ನಾಲ್ಕು ಕೋರು, ಎಂದರೆ ದುಡಿಯುವ ಆಳು ನಾಲ್ಕು. ಕೆಲಸವನ್ನೂ ನಾಲ್ಕು ಪಾಲು ಮಾಡಿತ್ತು. ಆದರೂ ನೋಡಿದಾಗಲೆಲ್ಲ ಒಂದೇ ಕೋರು ಬೆವರು ಸುರಿಸುತ್ತಿತ್ತು, ಮೂರು ತೂಕಡಿಸುತ್ತಿದ್ದವು.

"ಇದಕ್ಕೆ ಆ ಕೋರೇ ಇಷ್ಟವೇನೋ" ಎಂದೆ.

"ಇಷ್ಟವೋ ಕಟ್ಟೋ, ನೋಡಿಬಿಡೋಣ ಸಾರ್" ಎಂದ ಶಿಷ್ಯ.

ಲಿನಕ್ಸಿನ ಕರ್ನಲ್ಲು ಪ್ರತಿ ಪ್ರಾಸೆಸ್ಸಿನ ಜಾತಕವನ್ನೂ 'ಪ್ರಾಕ್' ಎಂಬಲ್ಲಿ ತೆರೆದಿಡುತ್ತದೆ. ಅಲ್ಲಿನ 'ಸ್ಟ್ಯಾಟ್' ಕಡತ, ಅದು ಕೊನೆಗೆ ಯಾವ ಕೋರಿನಲ್ಲಿ ಓಡಿತೆಂದು ಹೇಳುತ್ತದೆ; 'ಸ್ಟೇಟಸ್' ಕಡತ, ಎಲ್ಲೆಲ್ಲಿ ಓಡಲು ಅಪ್ಪಣೆಯಿದೆಯೆಂದು. ಕೋರಿಗೆ ಕಟ್ಟಿಹಾಕುವ ಉಪಾಯ ಲಿನಕ್ಸಿಗೆ 2002ರಲ್ಲೇ ಬಂತು. ಆ ಅಪ್ಪಣೆ ಸ್ಟೇಟಸ್ ಕಡತದಲ್ಲಿ ಕಾಣಿಸಿಕೊಂಡದ್ದು ಆಮೇಲೆ: ಮೊದಲು ಹದಿನಾರರ ಎಣಿಕೆಯ ಒಗಟಾಗಿ, 2008ರಲ್ಲಿ ಎಲ್ಲರೂ ಓದಬಲ್ಲ ಪಟ್ಟಿಯಾಗಿ.

ನಮ್ಮ ಪಟ್ಟಿಯಲ್ಲಿದ್ದದ್ದು ಒಂದು ಸೊನ್ನೆ. ಸೊನ್ನೆಯ ಕೋರು ಮಾತ್ರ. ಹಿಂದೆ ಬೇಸಗೆಯಲ್ಲಿ ಯಂತ್ರ ಬಿಸಿಯಾಗುತ್ತದೆಂದು 'ಟಾಸ್ಕ್‌ಸೆಟ್' ಹಾಕಿಸಿ ಕಟ್ಟಿಸಿದವನು ನಾನೇ. ಮರೆತಿದ್ದೆ.

ಇಂಗ್ಲಿಷಿನಲ್ಲಿ ಈ ಕಟ್ಟಿಗೆ 'ಅಫಿನಿಟಿ' ಎಂದು ಹೆಸರು. ನಿಘಂಟು ನೋಡಿದರೆ ನಂಟು, ಒಲವು! ಒಲವೂ ಇಲ್ಲದಿಲ್ಲ. ಹಳೆಯ ಕೋರಿನ ಕ್ಯಾಶಿನಲ್ಲಿ ತನ್ನ ಸಾಮಾನು ಇನ್ನೂ ಇರುವುದರಿಂದ, ಶೆಡ್ಯೂಲರು ಸಾಧ್ಯವಾದರೆ ಅಲ್ಲಿಗೇ ಕಳಿಸುತ್ತದೆ. ಹೊರಗಿನಿಂದ ಒಲವೂ ಕಟ್ಟೂ ಒಂದೇ ತೆರ. ಪಟ್ಟಿ ಓದಿದವನಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಸಂಜೆ ಮನೆಗೆ ಬಂದೆ. ಅಮ್ಮ ಎಂದಿನಂತೆ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಅಪ್ಪ ಹೋದಮೇಲೆ ಆರು ವರ್ಷದಿಂದ ಅದೇ ಜಾಗ. ಅವರಿಗೆ ಅದೇ ಇಷ್ಟವೆಂದು ಬಂದವರಿಗೆಲ್ಲ ನಾನು ಹೇಳಿಕೊಂಡು ಬಂದಿದ್ದೆ.

"ವರಾಂಡದಲ್ಲಿ ಗಾಳಿ ಬರುತ್ತಲ್ಲಮ್ಮ, ಅಲ್ಲಿ ಯಾಕೆ ಕೂರೋದಿಲ್ಲ?"

"ನಿನ್ನ ಹುಡುಗರು ಬರ್ತಾರಲ್ಲಪ್ಪ. ಅವತ್ತು ನೀನೇ ಒಳಗೆ ಹೋಗಮ್ಮ ಅಂದೆಯಲ್ಲ."

ಅಂದದ್ದು ನನಗೆ ನೆನಪಿರಲಿಲ್ಲ.

ವರಾಂಡದ ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಎತ್ತಿಟ್ಟೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಮಣೆಯನ್ನೂ ಎತ್ತಿಕೊಂಡು ಹೊರಗೆ ಬಂದರು.