ಸೀಡಿ ಹಾಕಿದರಷ್ಟೇ ತೆರೆಯುತ್ತಿದ್ದ ಅಂಗಡಿ

ಬೋರ್ಡ್ ಬರೆಯುವ ಬ್ರಷ್ ಬದಿಗಿಟ್ಟು ಸ್ಟಿಕ್ಕರ್ ಕಟಿಂಗ್ ಮಷೀನ್ ತಂದಾಗ ನಮ್ಮ ಕಂಪ್ಯೂಟರಿನಲ್ಲಿ ಇದ್ದದ್ದು ವಿಂಡೋಸ್ ಎಕ್ಸ್‌ಪಿ. ಮಷೀನ್ ಜೊತೆ ಎರಡು ಸೀಡಿ ಬಂದವು: ಒಂದು ಸಾಫ್ಟ್‌ವೇರಿನದು, ಇನ್ನೊಂದು ಚಿತ್ರಗಳದು. ಎರಡನೆಯದು ಡ್ರೈವಿನಲ್ಲಿ ಇಲ್ಲದಿದ್ದರೆ ಸಾಫ್ಟ್‌ವೇರ್ ತೆರೆಯುತ್ತಲೇ ಇರಲಿಲ್ಲ. ಬೆಳಿಗ್ಗೆ ದೇವರ ಪಟಕ್ಕೆ ಊದುಬತ್ತಿ ಹಚ್ಚುವುದು, ಸೀಡಿಯನ್ನು ಅಂಗಿ ತುದಿಯಿಂದ ಒರೆಸಿ ಒಳಗೆ ತಳ್ಳುವುದು, ಆಮೇಲೆಯೇ ಬೋಣಿ.

ಕನ್ನಡ ಕತ್ತರಿಸುವ ಕಷ್ಟ ಬೇರೆ. 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ 'ಶ್ರೀ' ಎಂದು ಟೈಪ್ ಮಾಡಿದರೆ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಚಾಕುವಿಗೆ ಮಾತ್ರ 'ಶಿ', ಒತ್ತು, ದೀರ್ಘ ಎಲ್ಲ ಬಿಡಿಬಿಡಿ. ಒಂದರ ಮೇಲೊಂದು ಹಾಯ್ದ ಕಡೆ ವೆಲ್ಡ್ ಮಾಡದೆ, ಅಂದರೆ ಒಂದೇ ಆಕಾರವಾಗಿ ಬೆಸೆಯದೆ, ಬಿಟ್ಟರೆ ಅಕ್ಷರದ ನಡುವೆಯೇ ಗೆರೆ ಬೀಳುತ್ತದೆ. ದೇವಸ್ಥಾನದ ಬೋರ್ಡಿಗೆಂದು ಕತ್ತರಿಸಿದ ರೇಡಿಯಂ ಎತ್ತುವಾಗ ದೀರ್ಘವೊಂದೇ ಕೈಗೆ ಬಂದು, ಇಡೀ ಹಾಳೆ ದಂಡವಾಗಿತ್ತು.

2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಕಂಪನಿಯ ಬೆಂಬಲ ನಿಂತಿತು. ನಾವು ಮಾತ್ರ ಮದರ್‌ಬೋರ್ಡ್ ಸುಡುವ ತನಕ ಎಳೆದೆವು. ಹೊಸ ಕಂಪ್ಯೂಟರಿನಲ್ಲಿ ಸೀಡಿ ಡ್ರೈವೂ ಇಲ್ಲ, ಮಷೀನ್ ಸಿಕ್ಕಿಸುವ ಸೀರಿಯಲ್ ಪೋರ್ಟೂ ಇಲ್ಲ. ಹೊರಗಿನಿಂದ ಸಿಕ್ಕಿಸುವ ಡ್ರೈವ್ ತಂದು ಸೀಡಿ ಹಾಕಿದರೆ, ಇದು ಈ ಪಿಸಿಯಲ್ಲಿ ಓಡದು ಎಂಬ ಉತ್ತರ. ರಿಪೇರಿ ಹುಡುಗ ಕಾರಣ ಹುಡುಕಿದ. ಸಾಫ್ಟ್‌ವೇರ್ 32 ಬಿಟ್ಟಿನದು. ಅದನ್ನು ಇನ್‌ಸ್ಟಾಲ್ ಮಾಡುವ ಸೆಟಪ್ ಕಡತ ಇನ್ನೂ ಹಳೆಯದು, 16 ಬಿಟ್. 64 ಬಿಟ್ ವಿಂಡೋಸ್ 16 ಬಿಟ್ಟಿನದನ್ನು ಓಡಿಸುವುದೇ ಇಲ್ಲ. ಅಕ್ಕಿ ಚೆನ್ನಾಗಿಯೇ ಇತ್ತು, ಚೀಲದ ಗಂಟು ಬಿಚ್ಚಲಿಲ್ಲ.

ಹುಡುಗ ವರ್ಚುವಲ್‌ಬಾಕ್ಸ್ ಹಾಕಿ, ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೇ ಎಕ್ಸ್‌ಪಿ ಕೂರಿಸಿದ. ಚಿತ್ರಗಳ ಸೀಡಿಯನ್ನು ಇಡಿಯಾಗಿ ನಕಲಿಸಿ ಐಎಸ್‌ಒ ಕಡತ ಮಾಡಿ ತೋರಿಸಿದ. ನಮ್ಮ ಸಾಫ್ಟ್‌ವೇರ್ ಅದನ್ನೇ ಸೀಡಿ ಎಂದು ನಂಬಿತು. ಯುಎಸ್‌ಬಿ-ಸೀರಿಯಲ್ ಕೇಬಲ್ಲಿಗೆ ವಿಂಡೋಸ್ ಕೊಟ್ಟ ಪೋರ್ಟ್ ನಂಬರ್ ಕಾಮ್ 7; ಸಾಫ್ಟ್‌ವೇರಿಗೆ ಗೊತ್ತಿದ್ದದ್ದು 1ರಿಂದ 4 ಮಾತ್ರ. ಏಳನ್ನು ಒಂದು ಎಂದು ಹೇಳಿ, ವೇಗ 9600ಕ್ಕೆ ಇಟ್ಟ ಮೇಲೆ ಮಷೀನ್ ಕಿರ್ರೆಂದಿತು. ಮೊದಲು ಕತ್ತರಿಸಿದ್ದು 'ಶ್ರೀ', ವೆಲ್ಡ್ ಮಾಡಿಯೇ.

ಮಷೀನಿಗೆ ಬೇಕಾದದ್ದು ಎಚ್‌ಪಿಜಿಎಲ್ ಎಂಬ ಸರಳ ಭಾಷೆ: ಚಾಕು ಎತ್ತು, ಇಳಿಸು, ಇಷ್ಟು ದೂರ ನಡೆ, ಮಿಲಿಮೀಟರಿಗೆ 40 ಹೆಜ್ಜೆ. ಅದು ಆಗಲೂ ಅಷ್ಟೇ, ಈಗಲೂ ಅಷ್ಟೇ. ಹಳತಾದದ್ದು ಬಾಗಿಲು ಮಾತ್ರ. ನಿಮ್ಮ ಅಂಗಡಿಯಲ್ಲೂ ಅಂಥ ಸೀಡಿ ಇದ್ದರೆ, ಅದಿನ್ನೂ ಓದಲು ಬರುತ್ತಿರುವಾಗಲೇ ಐಎಸ್‌ಒ ಮಾಡಿಡಿ. ಕವರಿನ ಮೇಲಿನ ಸೀರಿಯಲ್ ನಂಬರನ್ನೂ ಬರೆದಿಟ್ಟುಕೊಳ್ಳಿ.